ಮಾಲ್ ಮುಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಚೌಕಿಪೇಟೆಯಲ್ಲಿ ಒಂದು ಅಂಗಡಿ ಬಾಗಿಲು ಹಾಕಿದರೆ ಅಕ್ಕಪಕ್ಕದವರು ಅಯ್ಯೋ ಅನ್ನುತ್ತಾರೆ, ಅವರ ವ್ಯಾಪಾರವಂತೂ ನಿಲ್ಲುವುದಿಲ್ಲ. ಸ್ವಲ್ಪ ದಿನಕ್ಕೆ ಬೇರೆ ಯಾರೋ ಬಂದು ಶಟರ್ ಎತ್ತುತ್ತಾರೆ. ಅಮೆರಿಕದ ಊರಾಚೆಯ ಎಷ್ಟೋ ಮಾಲ್‌ಗಳ ಕಥೆ ಬೇರೆ. ದೊಡ್ಡ ಮಳಿಗೆ ಒಂದು ಹೊರಟರೆ ಉಳಿದವೂ ಅದರ ಹಿಂದೆಯೇ ಹೋದವು.

ನಾಲ್ಕೂ ಕಡೆ ಮುಚ್ಚಿದ, ಒಳಗೆ ಹದವಾದ ಗಾಳಿ ಇಟ್ಟ ಮೊದಲ ಮಾಲ್ ಮಿನೆಸೋಟಾ ರಾಜ್ಯದ ಸೌತ್‌ಡೇಲ್. 1956ರಲ್ಲಿ ಶುರುವಾದಾಗ ಅಲ್ಲಿ 72 ಅಂಗಡಿಗಳಿದ್ದವು. ಅಲ್ಲಿನ ಚಳಿಗೆ ಹಾಗೆ ಕಟ್ಟಿದ್ದರಲ್ಲಿ ಅರ್ಥವಿತ್ತು. ನಕ್ಷೆ ಬರೆದವನು ವಿಯೆನ್ನಾದಿಂದ ವಲಸೆ ಬಂದ ವಿಕ್ಟರ್ ಗ್ರುಯೆನ್. ಅವನ ಮನಸ್ಸಿನಲ್ಲಿದ್ದದ್ದು ಒಂದು ಪುಟ್ಟ ಊರೇ: ಸುತ್ತ ಮನೆ, ಶಾಲೆ, ಆಸ್ಪತ್ರೆ, ಕೆರೆ, ನಡುವೆ ಪೇಟೆ. ಪೇಟೆ ಮಾತ್ರ ಎದ್ದಿತು. ಸುತ್ತ ಕಾರು ನಿಲ್ಲಿಸುವ ಬಯಲು ಉಳಿಯಿತು. ಮುಂದೆ ಅವನೇ ಈ ಮಾಲ್‌ಗಳು ತನ್ನ ಕೂಸಲ್ಲ ಎಂದು ಕೈ ತೊಳೆದುಕೊಂಡ.

ಆದರೂ ಮಾಲ್‌ಗಳು ಹಬ್ಬಿದವು. ಹೆದ್ದಾರಿಗಳು ಬಂದವು, ಜನ ಊರಾಚೆ ಮನೆ ಮಾಡಿದರು. ಜೊತೆಗೆ ತೆರಿಗೆಯ ಕರಾಮತ್ತು: 1954ರ ಕಾನೂನಿನಂತೆ ಹೊಸ ಕಟ್ಟಡದ ಸವಕಳಿಯನ್ನು, ಅಂದರೆ ಹಳತಾದಂತೆ ಅದರ ಬೆಲೆ ಇಳಿಯುವ ಲೆಕ್ಕವನ್ನು, ಮೊದಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಿ ತೆರಿಗೆ ಉಳಿಸಬಹುದಿತ್ತು. ಗಿರಾಕಿ ಎಷ್ಟು ಎಂದು ಲೆಕ್ಕ ಹಾಕುವ ಮೊದಲೇ ಕಟ್ಟುವುದು ಲಾಭವಾಯಿತು. ಒಂದೇ ಊರಿನ ಸುತ್ತ ನಾಲ್ಕಾರು ಮಾಲ್ ಎದ್ದರೆ ಯಾವುದೋ ಒಂದು ಸೊರಗಲೇಬೇಕಲ್ಲ!

ಮಾಲಿನ ಒಳಗಿನ ವ್ಯವಹಾರವನ್ನೂ ಸ್ವಲ್ಪ ನೋಡಬೇಕು. ಎರಡು ತುದಿಗೆ ಎರಡು ದೊಡ್ಡ ಮಳಿಗೆ. ಜನರನ್ನು ಎಳೆದು ತರುವವರು ಅವರೇ ಆದ್ದರಿಂದ ಅವರಿಗೆ ಬಾಡಿಗೆ ಬಹಳ ಕಡಿಮೆ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿರುವ ಸಣ್ಣ ಅಂಗಡಿಗಳೇ ಹೆಚ್ಚಿನ ಬಾಡಿಗೆ ಕಟ್ಟುವವರು. ದೊಡ್ಡ ಮಳಿಗೆ ಹೋದರೆ ನಾವೂ ಬಾಡಿಗೆ ಇಳಿಸುತ್ತೇವೆ, ಇಲ್ಲವೇ ಬಿಟ್ಟು ಹೋಗುತ್ತೇವೆ ಎಂದು ಅನೇಕರು ಕರಾರಿನಲ್ಲೇ ಬರೆಸಿಕೊಂಡಿರುತ್ತಾರೆ. ಇಂಥ ದೊಡ್ಡ ಮಳಿಗೆಗಳನ್ನು ನಡೆಸುವ ಕಂಪನಿಗಳಾದ ಸಿಯರ್ಸ್ 2018ರಲ್ಲಿ, ಜೆ.ಸಿ. ಪೆನ್ನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಹಲವು ಮಾಲ್‌ಗಳಿಗೆ ಒಟ್ಟಿಗೇ ಪೆಟ್ಟು ಬಿತ್ತು. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕೊಳ್ಳುವ ರೂಢಿಯ ಮೇಲೆ ಎಲ್ಲ ತಪ್ಪು ಹೊರಿಸುವವರಿದ್ದಾರೆ. ಷಿಕಾಗೋ ಪಕ್ಕದ ಡಿಕ್ಸಿ ಸ್ಕ್ವೇರ್ ಮಾಲ್ 1966ರಲ್ಲಿ ತೆರೆದು 1978ಕ್ಕೇ ಮುಚ್ಚಿತ್ತು. ಆಗ ಯಾವ ಮೊಬೈಲ್? ಒಂದೇ ಆಸರೆಯ ಮೇಲೆ ನಿಂತ ಬದುಕು ಏನಾಗುತ್ತದೆಂದು ನಮ್ಮ ಹತ್ತಿ ಮಿಲ್ಲುಗಳ ಸೈರನ್ ನಿಂತದ್ದನ್ನು ಕಂಡ ದಾವಣಗೆರೆಯ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಚ್ಚಿದ ಮಾಲನ್ನು ಏನು ಮಾಡುವುದು? ಕಿಟಕಿ ಇಲ್ಲದ ಆಳವಾದ ಕಟ್ಟಡ. ನಡುಭಾಗಕ್ಕೆ ಬೆಳಕೇ ಬೀಳದು. ಅದರಲ್ಲಿ ಮನೆ ಮಾಡುವುದು ಕಷ್ಟ. ಟೆಕ್ಸಾಸಿನ ಆಸ್ಟಿನ್‌ನಲ್ಲಿ 1971ರ ಹೈಲ್ಯಾಂಡ್ ಮಾಲನ್ನು ಅಲ್ಲಿನ ಸಮುದಾಯ ಕಾಲೇಜು ಕೊಂಡುಕೊಂಡಿತು. ಹಳೆಯ ಜೆ.ಸಿ. ಪೆನ್ನಿ ಮಳಿಗೆಯಲ್ಲಿ 600ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಲಿಕಾ ಕೇಂದ್ರ 2014ರಲ್ಲಿ ಶುರುವಾಯಿತು. ಒಹಾಯೋದ ರ‍್ಯಾಂಡಲ್ ಪಾರ್ಕ್ ಮಾಲನ್ನು ಕೆಡವಿದ ಜಾಗದಲ್ಲಿ ಈಗ ಅಮೆಜಾನ್ ಗೋದಾಮು ಇದೆ, ನಗಬೇಕೋ ಅಳಬೇಕೋ ತಿಳಿಯದು. ಕೊಲರಾಡೋದ ಲೇಕ್‌ವುಡ್‌ನಲ್ಲಿ ವಿಲ್ಲಾ ಇಟಾಲಿಯಾ ಮಾಲ್ ಹೋಗಿ ಬೆಲ್ಮಾರ್ ಎಂಬ ಹೊಸ ಪೇಟೆ ಬಂತು: ಬೀದಿಗಳು, ಬೀದಿಗೆ ಬಾಗಿಲಿರುವ ಅಂಗಡಿಗಳು, ಮೇಲೆ ಮನೆಗಳು. ಸೌತ್‌ಡೇಲ್ ಪಕ್ಕದಲ್ಲೂ ಈಗ ವಸತಿ ಸಮುಚ್ಚಯ ಎದ್ದಿದೆ.

ಕೆಳಗೆ ಅಂಗಡಿ, ಮೇಲೆ ಮನೆ ಎಂದರೆ ನಮ್ಮ ಹಳೆಯ ಪೇಟೆಯೇ ಆಯಿತಲ್ಲ ಎಂದು ನಾವು ಬೀಗಬೇಕಾಗಿಲ್ಲ. ಅನುಕೂಲ ಇದ್ದವರು ಪೇಟೆ ಬಿಟ್ಟು ವಿದ್ಯಾನಗರದ ಕಡೆ ಮನೆ ಕಟ್ಟಿಕೊಂಡರು. ಮಹಡಿಗಳಲ್ಲಿ ಸರಕಿನ ಮೂಟೆ ಸೇರಿದೆ. ಬೈಕ್ ನಿಲ್ಲಿಸಲೂ ಜಾಗ ಹುಡುಕಬೇಕು.

ನಾಳೆ ಹೆದ್ದಾರಿ ಬದಿಯಲ್ಲಿ ಮಾಲ್ ಬರುವುದಾದರೆ ಬರಲಿ, ನನ್ನ ತಕರಾರಿಲ್ಲ. ನಕ್ಷೆಗೆ ಒಪ್ಪಿಗೆ ಕೊಡುವವರು ಮೂರು ಮಾತು ಕೇಳಲಿ. ಹೊರಗೋಡೆಯ ಅಂಗಡಿಗಳಿಗೆ ಬೀದಿ ಕಡೆ ಬಾಗಿಲಿದೆಯೇ? ಸಿಟಿ ಬಸ್ಸು ಬಾಗಿಲವರೆಗೆ ಬರುತ್ತದೆಯೇ? ದೊಡ್ಡ ಮಳಿಗೆ ಖಾಲಿಯಾದ ದಿನ ಆ ಗೋಡೆಗಳ ನಡುವೆ ಒಂದು ಶಾಲೆಯೋ ದವಾಖಾನೆಯೋ ನಡೆಯಲು ಬೇಕಾದಷ್ಟು ಗಾಳಿ ಬೆಳಕು ಇದೆಯೇ?

ನಮಸ್ಕಾರ.