ಗಾರ್ಮೆಂಟ್ಸ್ ಲೈನ್‌ನಲ್ಲಿ ಬಾಯಿ ಬಿಟ್ಟು ಹೇಳಿದರೆ ಏನಾಗುತ್ತೆ?

[ದೃಶ್ಯ: ಹೊಲಿಗೆ ಮಷಿನ್‌ಗಳ ಸದ್ದು. ಕಾಲರ್ ಹೊಲಿಯುತ್ತಿರುವ ಕೈಗಳು]

ನಮಸ್ಕಾರ. ನೀವು ಹಾಕಿಕೊಂಡಿರುವ ಅಂಗಿಯನ್ನು ಒಬ್ಬರೇ ಹೊಲಿದಿರುವುದಿಲ್ಲ. ಲೈನ್‌ನಲ್ಲಿ ಒಬ್ಬರು ಕಾಲರ್ ಹೊಲಿಯುತ್ತಾರೆ, ಒಬ್ಬರು ತೋಳು ಕೂರಿಸುತ್ತಾರೆ, ಇನ್ನೊಬ್ಬರು ಕಾಜಾ ಹಾಕುತ್ತಾರೆ. ಕತ್ತರಿಸಿದ ಬಟ್ಟೆಯ ಕಟ್ಟು, ಅಂದರೆ ಬಂಡಲ್, ಕೈಯಿಂದ ಕೈಗೆ ಹೋಗುತ್ತಲೇ ಇರಬೇಕು. ನಡುವೆ ಒಬ್ಬಾಕೆಯ ಮಷಿನ್‌ನಲ್ಲಿ ದಾರ ಪದೇಪದೇ ಕಡಿಯುತ್ತಿದೆ ಅಂದುಕೊಳ್ಳಿ. ಆಕೆಯ ಪಕ್ಕ ಬಂಡಲ್ ಗುಡ್ಡೆ ಬೀಳುತ್ತದೆ. ಮುಂದಿನವರು ಕೈಕಟ್ಟಿ ಕೂರುತ್ತಾರೆ. ಸಂಜೆ ಟಾರ್ಗೆಟ್ ಮುಟ್ಟಲ್ಲ.

ಆಕೆ ಕೈ ಎತ್ತಿ "ಸಾರ್, ಮಷಿನ್ ಸರಿಯಿಲ್ಲ, ಮೆಕ್ಯಾನಿಕ್ ಕರೀರಿ" ಅಂದರೆ ಮುಗಿಯಿತು, ಅಲ್ವಾ? ಆದರೆ ಬೈತಾರೆ ಅನ್ನೋ ಭಯ. ಎಷ್ಟೋ ಜನ ಸುಮ್ನೆ ತಾವೇ ಒದ್ದಾಡುತ್ತಾರೆ.

ಕಾಲೇಜಿನ ಗ್ರೂಪ್ ಪ್ರಾಜೆಕ್ಟ್‌ನಲ್ಲೂ ಇದನ್ನೇ ಕಂಡಿದ್ದೇನೆ. ನಮ್ಮ ಗ್ರೂಪಿನ ಹುಡುಗಿಯೊಬ್ಬಳು ಸರ್ವೇ ಲೆಕ್ಕ ತಾನು ಮಾಡ್ತೀನಿ ಅಂದಳು. ಎಕ್ಸೆಲ್ ಬರಲ್ಲ ಅಂತ ಮೂರು ವಾರ ಹೇಳಲೇ ಇಲ್ಲ. ಸೋಮಾರಿ ಅಂತ ಬೈದೆವು. ಎಲ್ಲಿ ಸಿಕ್ಕಿಕೊಂಡಿದ್ದೀಯ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

[ದೃಶ್ಯ: ಫ್ಯಾಕ್ಟರಿ ಗೇಟು, ಶಿಫ್ಟ್ ಮುಗಿದು ಹೊರಬರುವ ಹೆಂಗಸರು]

ಹಾಗಾದರೆ ಹೀಗೆ ಬಾಯಿ ಬಿಟ್ಟು ಹೇಳುವುದನ್ನು ಕಲಿಸಬಹುದಾ? ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನಿಶಾಧಮ್ ಎಂಬ ಮೂವರು ಅರ್ಥಶಾಸ್ತ್ರಜ್ಞರು. ಫ್ಯಾಕ್ಟರಿಗಳು ಐದು, ತರಬೇತಿಯ ಹೆಸರು ಪೇಸ್. 2013ರಲ್ಲಿ ಶುರುವಾಗಿ ಸುಮಾರು ಒಂದು ವರ್ಷ ನಡೆಯಿತು. ವಾರಕ್ಕೆ ಎರಡು ಗಂಟೆ. ಹೊಲಿಗೆ ಪಾಠ ಅಲ್ಲ, ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು, ದುಡ್ಡಿನ ಲೆಕ್ಕ, ಆರೋಗ್ಯ.

ಸುಮಾರು 2,700 ಹೆಂಗಸರು ಹೆಸರು ಕೊಟ್ಟರು. ಅಷ್ಟು ಸೀಟು ಇರಲಿಲ್ಲ, ಲಾಟರಿ ಎತ್ತಿದರು. ಈ ಲಾಟರಿ ಎಷ್ಟು ಮುಖ್ಯ ಗೊತ್ತಾ? ಇಷ್ಟಪಟ್ಟು ಬಂದವರನ್ನು, ಬರದೇ ಇದ್ದವರ ಜೊತೆ ಹೋಲಿಸಿದರೆ ಚುರುಕಾದವರೇ ಬಂದಿದ್ದರು ಅನ್ನಬಹುದು. ಇಲ್ಲಿ ಎಲ್ಲರೂ ಬರಬೇಕು ಅಂದವರೇ. ಕೆಲವರ ಹೆಸರು ಬಂತು, ಕೆಲವರದು ಬರಲಿಲ್ಲ, ವ್ಯತ್ಯಾಸ ಅಷ್ಟೇ. ಇನ್ನೊಂದು ಜಾಣತನವೂ ಇತ್ತು. ಮೊದಲು ಲೈನ್‌ಗಳನ್ನೇ ಲಾಟರಿಯಲ್ಲಿ ಆರಿಸಿದರು, ಆಮೇಲೆ ಆ ಲೈನ್‌ಗಳೊಳಗೆ ಜನರನ್ನು. ಹಾಗಾಗಿ ತರಬೇತಿ ಸಿಗದೆ ಪಕ್ಕದಲ್ಲಿ ಕೂತವರಿಗೆ ಏನಾಯಿತು ಅನ್ನುವುದೂ ಗೊತ್ತಾಯಿತು.

ತರಬೇತಿ ಪಡೆದವರ ಕೆಲಸ ಉಳಿದವರಿಗಿಂತ ಶೇ. 10ಕ್ಕೂ ಜಾಸ್ತಿ ಸುಧಾರಿಸಿತು. ಹೆಚ್ಚು ಮಾತಾಡತೊಡಗಿದರು, ಹೊಸ ಕೆಲಸ ಕಲಿಸಿ ಅಂತ ತಾವೇ ಕೇಳಿದರು, ಹೊಲಿಗೆಯಲ್ಲಿ ಕಷ್ಟದ ಕೆಲಸಗಳು ಅವರಿಗೆ ಸಿಕ್ಕವು. ಅದೇ ಲೈನ್‌ನಲ್ಲಿದ್ದು ಲಾಟರಿ ಹತ್ತದವರ ಕೆಲಸವೂ ಮೇಲಾಯಿತು. ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಇದು. ಒಬ್ಬರ ಹತ್ತಿರ ಬಂಡಲ್ ನಿಲ್ಲದಿದ್ದರೆ ಮುಂದಿನವರ ಕೈಗೂ ಕೆಲಸ ಸಿಗುತ್ತದೆ ತಾನೇ?

[ದೃಶ್ಯ: ಸಂಬಳದ ಚೀಟಿ, ಹತ್ತಿರದಿಂದ]

ಈಗ ದುಡ್ಡಿನ ವಿಷಯ. ತರಬೇತಿ ಮುಗಿದ ಎಂಟು ತಿಂಗಳಲ್ಲಿ ಕಂಪನಿಗೆ ಬಂದ ನಿವ್ವಳ ಲಾಭ, ಹಾಕಿದ ಬಂಡವಾಳದ ಎರಡು ಪಟ್ಟಿಗಿಂತ ಜಾಸ್ತಿ. ಆ ಹೆಂಗಸರ ಸಂಬಳ ಏರಿದ್ದು ಶೇ. 1ಕ್ಕಿಂತಲೂ ಕಡಿಮೆ. ಹಾಗಂತ ಅವರು ಕೆಲಸ ಬಿಟ್ಟು ಬೇರೆ ಕಡೆ ಹೋಗಲೂ ಇಲ್ಲ. ಹೊಲಿಗೆಯ ಕೈಚಳಕವನ್ನು ಬೇರೆ ಫ್ಯಾಕ್ಟರಿಯವರು ಒಂದು ಗಂಟೆ ಮಷಿನ್ ಮೇಲೆ ಕೂರಿಸಿ ನೋಡಬಹುದು. ಧೈರ್ಯವಾಗಿ ಹೇಳುವ, ಕೇಳುವ ಗುಣ ಹಾಗೆ ಕಣ್ಣಿಗೆ ಬೀಳಲ್ಲ. ಅದಕ್ಕೆ ಬೆಲೆ ಕಟ್ಟಿ ಕರೆಯುವವರು ಯಾರು?

ಇದು ಸರಿಯಲ್ಲ ಅಂತ ನನಗನ್ನಿಸುತ್ತದೆ. ವಾರದ ಆ ಎರಡು ಗಂಟೆ ತರಬೇತಿಯಲ್ಲಿ ಒಂದು ಗಂಟೆ ಕಂಪನಿಯದು, ಇನ್ನೊಂದು ಆ ಹೆಂಗಸರ ಸ್ವಂತ ಸಮಯ. ಮನೆಯಲ್ಲಿ ಅಡುಗೆ, ಮಕ್ಕಳು ಕಾಯುತ್ತಿರುವಾಗ ಕೊಟ್ಟ ಸಮಯ ಅದು. ತರಬೇತಿ ಮುಗಿಸಿದವರಿಗೆ ಟೈಲರ್ ಗ್ರೇಡ್, ಅಂದರೆ ಕೆಲಸದ ದರ್ಜೆ, ಏರಿಸಿ, ಸಂಬಳದ ಚೀಟಿಯಲ್ಲಿ ಅದಕ್ಕೊಂದು ಸಾಲು ಸೇರಿಸಬೇಕು.