ಫ್ರಿಜ್ ಕೆಟ್ಟಾಗ ಯಾರನ್ನು ಕರೆಯಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಫ್ರಿಜ್ ಕೈಕೊಟ್ಟರೆ ಮನೆಮಂದಿಗೆಲ್ಲ ಗಡಿಬಿಡಿ. ಹಾಲು ಒಡೆಯುತ್ತದೆ, ದೋಸೆ ಹಿಟ್ಟು ಹುಳಿ ಬಂದು ಉಕ್ಕುತ್ತದೆ. ಆ ಅವಸರದಲ್ಲಿ ಫೋನ್ ತೆಗೆದು, ಕಂಪನಿಯ ಹೆಸರಿನ ಜೊತೆಗೆ ‘ಕಸ್ಟಮರ್ ಕೇರ್’ ಎಂದು ಹುಡುಕಿ, ಮೊದಲು ಕಂಡ ನಂಬರಿಗೆ ಕರೆ ಮಾಡುವವರೇ ಹೆಚ್ಚು. ಎಷ್ಟೋ ಸಲ ಆ ನಂಬರು ಕಂಪನಿಯದ್ದೂ ಅಲ್ಲ, ನಿಮ್ಮ ಊರಿನದ್ದೂ ಅಲ್ಲ. ದೂರದ ಯಾವುದೋ ಊರಿನಲ್ಲಿ ಕೂತವರು ನಿಮ್ಮ ಹೆಸರು, ವಿಳಾಸ ಬರೆದುಕೊಂಡು, ಅದನ್ನು ನಿಮ್ಮ ಊರಿನ ಒಬ್ಬ ಮೆಕ್ಯಾನಿಕ್‌ಗೆ ದಾಟಿಸುತ್ತಾರೆ. ಅದಕ್ಕೆ ಅವನಿಂದ ಕಮಿಷನ್ ಹಿಡಿಯುತ್ತಾರೆ. ಬಂದವನು ಕೆಲಸ ಬಲ್ಲವನೇ ಇರಬಹುದು. ಆದರೆ ಕಮಿಷನ್ನೂ ಹೊರಟು, ಪೆಟ್ರೋಲೂ ಹೊರಟು, ತನಗೂ ನಾಲ್ಕು ಕಾಸು ಉಳಿಯಬೇಕೆಂದರೆ ಕಂಪ್ರೆಸರನ್ನು ಚಾಲೂ ಮಾಡುವ ರಿಲೇ ಎಂಬ ಇನ್ನೂರು ರೂಪಾಯಿಯ ಭಾಗ ಬದಲಿಸಿದರೆ ಅವನಿಗೆ ಗಿಟ್ಟುವುದಿಲ್ಲ. ‘ಗ್ಯಾಸ್ ಖಾಲಿಯಾಗಿದೆ’ ಎಂಬ ಮಾತು ಹುಟ್ಟುವುದು ಇಲ್ಲೇ.

ಈ ಗ್ಯಾಸಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ರಿಜ್‌ನ ಗ್ಯಾಸು ಅಡುಗೆ ಗ್ಯಾಸಿನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಇದಕ್ಕೆ ದೊಡ್ಡ ಕಾರಣ, ಕಟ್ಟಿದ ಮಂಜುಗಡ್ಡೆಯನ್ನು ಚಾಕುವಿನಿಂದ ಕೆರೆಯುವುದು. ಫ್ರೀಜರ್‌ನ ಅಲ್ಯೂಮಿನಿಯಂ ತೆಳು, ತುದಿ ತಾಗಿದರೆ ಸಾಕು, ತೂತು. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿ ಹೋದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ.

ಸರಿಯಾದ ಕ್ರಮ ಹೀಗಿದೆ. ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಬೆಸುಗೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ನೋಡಬೇಕು. ಸೋರಿಕೆ ಮುಚ್ಚಿದ ಮೇಲೆ ತೇವ, ಕಸ ಹಿಡಿಯುವ ಹಳೆಯ ಫಿಲ್ಟರ್ ಡ್ರೈಯರ್ ಕತ್ತರಿಸಿ ಹೊಸದನ್ನು ಕೂರಿಸಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಕನಿಷ್ಠ ಅರ್ಧ ಗಂಟೆ ಗಾಳಿ ಎಳೆಯಬೇಕು. ಇದನ್ನು ತಪ್ಪಿಸಿದರೆ ಒಳಗೆ ಉಳಿದ ತೇವ ಕ್ಯಾಪಿಲರಿ ಎಂಬ ಬಹಳ ಸಣ್ಣ ಕೊಳವೆಯ ಬಾಯಲ್ಲಿ ಹೆಪ್ಪುಗಟ್ಟುತ್ತದೆ. ಫ್ರಿಜ್ ಸ್ವಲ್ಪ ಹೊತ್ತು ತಂಪು ಮಾಡುತ್ತದೆ, ನಿಲ್ಲುತ್ತದೆ, ಮತ್ತೆ ಮಾಡುತ್ತದೆ. ಕೊನೆಗೆ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಎಷ್ಟು ತೂಕ ಎಂಬುದು ಫ್ರಿಜ್‌ನ ಒಳಗೋ ಹಿಂದೆಯೋ ಅಂಟಿಸಿದ ಸ್ಟಿಕ್ಕರ್‌ನಲ್ಲೇ ಇರುತ್ತದೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವುದು ಆರ್-600ಎ, ಅಂದರೆ ಐಸೊಬ್ಯೂಟೇನ್. ಎಷ್ಟೋ ಮಾದರಿಗಳಲ್ಲಿ ಅದು 50 ಗ್ರಾಮಿನ ಆಸುಪಾಸು ಮಾತ್ರ. ಇಷ್ಟು ಕಡಿಮೆ ತೂಕವನ್ನು ಕೈ ಅಂದಾಜಿನಲ್ಲಿ ತುಂಬಲು ಬರುವುದಿಲ್ಲ, ತಕ್ಕಡಿ ಬೇಕೇ ಬೇಕು. ಮೇಲಾಗಿ ಅದು ಬೆಂಕಿ ಹತ್ತುವ ಗ್ಯಾಸು. ಕಿಟಕಿ ತೆರೆಯದೆ, ಗ್ಯಾಸ್ ಹೊರಗೆ ಬಿಡದೆ ಕೊಳವೆಗೆ ಬೆಸುಗೆಯ ಬೆಂಕಿ ಹಿಡಿಯುವವನನ್ನು ತಕ್ಷಣ ತಡೆಯಿರಿ. ಇಷ್ಟೂ ಕೆಲಸಕ್ಕೆ ಎರಡು ಮೂರು ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಗ್ಯಾಸ್ ಹಾಕಿ, ದುಡ್ಡು ಎಣಿಸಿ ಹೊರಟವನು ಕೆಲಸ ಮಾಡಿಲ್ಲ.

ಗ್ಯಾಸಿಗೆ ಸಂಬಂಧವೇ ಇಲ್ಲದ ತೊಂದರೆಗಳೂ ಗ್ಯಾಸಿನ ಲೆಕ್ಕಕ್ಕೆ ಬೀಳುತ್ತವೆ. ಕೆಲವು ನಿಮಿಷಕ್ಕೊಮ್ಮೆ ಹಿಂದುಗಡೆ ‘ಟಿಕ್’ ಎಂದು ಸದ್ದಾಗಿ ಕಂಪ್ರೆಸರ್ ಓಡದಿದ್ದರೆ ಮೊದಲು ನೋಡಬೇಕಾದದ್ದು ರಿಲೇ ಮತ್ತು ಕಂಪ್ರೆಸರ್ ಅತಿಯಾಗಿ ಬಿಸಿಯಾದರೆ ಕರೆಂಟ್ ಕಡಿಯುವ ಓವರ್‌ಲೋಡ್. ಎರಡೂ ಸಣ್ಣ ಬೆಲೆಯ ಭಾಗಗಳು. ಕಟ್ಟಿದ ಮಂಜನ್ನು ತಾನೇ ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಮೇಲೆ ಐಸ್ ಆಗುತ್ತಿದ್ದು ಕೆಳಗೆ ಮಾತ್ರ ತಂಪಿಲ್ಲವಾದರೆ ಅನುಮಾನ ಮಂಜು ಕರಗಿಸುವ ಡಿಫ್ರಾಸ್ಟ್ ಹೀಟರ್, ಅದರ ಥರ್ಮಲ್ ಫ್ಯೂಸ್, ಇಲ್ಲವೇ ಫ್ಯಾನಿನ ಮೇಲೆ ಇರಬೇಕು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪ್ಲಗ್ ತೆಗೆದು, ಬಾಗಿಲು ತೆರೆದು, ಒಂದು ಹಗಲು ಒಂದು ರಾತ್ರಿ ಬಿಡಿ. ಮತ್ತೆ ಹಾಕಿದಾಗ ಕೆಲವು ದಿನ ಚೆನ್ನಾಗಿ ನಡೆದು ಪುನಃ ಕೆಟ್ಟರೆ ಅದು ಡಿಫ್ರಾಸ್ಟ್ ದೋಷ, ಗ್ಯಾಸಿನದ್ದಲ್ಲ.

ಹಾಗಾದರೆ ಯಾರನ್ನು ಕರೆಯಬೇಕು? ವಾರಂಟಿ ಇದ್ದರೆ ಕಂಪನಿಯನ್ನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಂಬರನ್ನು ವಾರಂಟಿ ಕಾರ್ಡಿನಿಂದಲೋ ಫ್ರಿಜ್ ಮೇಲಿನ ಸ್ಟಿಕ್ಕರ್‌ನಿಂದಲೋ ತೆಗೆದುಕೊಳ್ಳಿ. ಕಂಪ್ರೆಸರ್‌ಗೆ ಹತ್ತು ವರ್ಷದ ವಾರಂಟಿ ಎಂದಿದ್ದರೆ ಅದು ಸಾಮಾನ್ಯವಾಗಿ ಆ ಭಾಗಕ್ಕೆ ಮಾತ್ರ. ಗ್ಯಾಸು, ಕೂಲಿ ಬೇರೆ. ಕರೆ ಮಾಡುವ ಮೊದಲೇ ಕಾರ್ಡ್ ಓದಿಕೊಳ್ಳಿ.

ವಾರಂಟಿ ಮುಗಿದಿದ್ದರೆ ಊರಿನ ಮೆಕ್ಯಾನಿಕ್ಕೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವನನ್ನು ಹುಡುಕಬೇಕಾದ ಜಾಗ ಫೋನ್ ಅಲ್ಲ, ಫ್ರಿಜ್ ಸ್ಪೇರ್ ಪಾರ್ಟ್ಸ್ ಮಾರುವ ಅಂಗಡಿ. ಬೆಂಗಳೂರಿನಲ್ಲಾಗಲಿ ತಾಲ್ಲೂಕು ಪೇಟೆಯಲ್ಲಾಗಲಿ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಮೆಕ್ಯಾನಿಕ್‌ಗಳು ಅಲ್ಲಿಗೆ ಬರುತ್ತಾರೆ. ಯಾರು ಒಳ್ಳೆಯ ಭಾಗ ಕೇಳಿ ಒಯ್ಯುತ್ತಾರೆ, ಯಾರು ಅಗ್ಗದ್ದನ್ನೇ ಹುಡುಕುತ್ತಾರೆ ಎಂಬುದು ಕೌಂಟರಿನವರಿಗೆ ಗೊತ್ತು. ‘ನಿಮ್ಮ ಮನೆ ಫ್ರಿಜ್‌ಗೆ ಯಾರನ್ನು ಕರೀತೀರಿ ಅಣ್ಣಾ?’ ಎಂದು ಕೇಳಿ. ಸಿಗುವ ಉತ್ತರ ಐದು ನಕ್ಷತ್ರದ ಯಾವ ಶಿಫಾರಸಿಗಿಂತಲೂ ಗಟ್ಟಿ.

ಫೋನಿನಲ್ಲೇ ಸಿಕ್ಕ ನಂಬರಾದರೆ ಊರಿನವನೇ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ‘ನಿಮ್ಮ ಅಂಗಡಿ ಎಲ್ಲಿ, ಎದುರಿಗೆ ಏನಿದೆ?’ ಊರಿನವನು ‘ಗಣಪತಿ ದೇವಸ್ಥಾನದ ಹಿಂದೆ, ಹಿಟ್ಟಿನ ಗಿರಣಿ ಪಕ್ಕ’ ಎಂದು ಥಟ್ಟನೆ ಹೇಳುತ್ತಾನೆ. ‘ಸರ್, ಲೊಕೇಶನ್ ಕಳಿಸಿ, ಟೆಕ್ನಿಷಿಯನ್ ಅಸೈನ್ ಮಾಡ್ತೀವಿ’ ಎಂದು ತಪ್ಪಿಸಿಕೊಂಡರೆ ಅಲ್ಲಿಗೇ ಫೋನ್ ಇಡಿ. 080 ಎಂದೋ 0821 ಎಂದೋ ಆರಂಭವಾಗುವ ನಂಬರು ಕಂಡು ಬೆಂಗಳೂರಿನವರು, ಮೈಸೂರಿನವರು ಎಂದು ನಂಬಬೇಡಿ. ಅಂಥ ನಂಬರಿಗೆ ಮಾಡಿದ ಕರೆಯನ್ನು ಎಲ್ಲಿಗೆ ಬೇಕಾದರೂ ತಿರುಗಿಸಬಹುದು. ‘ಹತ್ತು ರೂಪಾಯಿ ಬುಕಿಂಗ್ ಚಾರ್ಜ್’ ಎಂದು ಲಿಂಕ್ ಕಳಿಸಿದರೆ, ನಿಮ್ಮ ಫೋನಿನ ಸ್ಕ್ರೀನನ್ನು ಅವರಿಗೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ ಅದು ನೇರವಾಗಿ ವಂಚನೆ. ಹಣ ಹೋದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೀರಿನ ಮೋಟಾರಿನ ವಿಷಯದಲ್ಲಂತೂ ಊರಿನವನ ಬೆಲೆ ಇನ್ನೂ ಹೆಚ್ಚು. ನಿಮ್ಮ ಬೋರ್‌ವೆಲ್‌ಗೆ ಎಷ್ಟು ಪೈಪ್ ಇಳಿದಿದೆ, ಮಾರ್ಚ್ ಬಂದರೆ ಆ ಬೀದಿಯಲ್ಲಿ ನೀರು ಎಷ್ಟು ಕೆಳಗೆ ಹೋಗುತ್ತದೆ ಎಂಬುದು ಮೋಟಾರ್ ಇಳಿಸಿದವನಿಗೆ ಗೊತ್ತಿರುತ್ತದೆ. ‘ಮೋಟಾರ್ ಸುಟ್ಟಿದೆ, ಎತ್ತಬೇಕು’ ಎಂದು ಯಾರೇ ಹೇಳಲಿ, ಮೊದಲು ಮೇಲಿನ ಪ್ಯಾನಲ್ ಬಾಕ್ಸ್ ತೆರೆಸಿ. ಸಿಂಗಲ್ ಫೇಸ್ ಮೋಟಾರಾದರೆ ಮೋಟಾರ್ ಚಾಲೂ ಆಗಲು, ಓಡಲು ನೆರವಾಗುವ ಸ್ಟಾರ್ಟ್ ಕೆಪಾಸಿಟರ್, ರನ್ ಕೆಪಾಸಿಟರ್ ಪರೀಕ್ಷಿಸಲಿ. ಆಮೇಲೆ ಕೇಬಲ್‌ಗೆ ಮೆಗ್ಗರ್ ಎಂಬ ಅಳತೆಯ ಉಪಕರಣ ಹಾಕಿ, ಇನ್ಸುಲೇಶನ್, ಅಂದರೆ ಕರೆಂಟ್ ಸೋರದಂತೆ ತಡೆಯುವ ಹೊದಿಕೆ, ಗಟ್ಟಿಯಿದೆಯೇ ನೋಡಲಿ. ರೀಡಿಂಗ್ ಸೊನ್ನೆಯ ಹತ್ತಿರ ಬಂದರೆ ಎತ್ತುವ ಮಾತು. ಎತ್ತುವ ಕೂಲಿಯೇ ಕೆಪಾಸಿಟರ್ ಬೆಲೆಯ ಎಷ್ಟೋ ಪಟ್ಟು.

ಊರಿನ ಮೆಕ್ಯಾನಿಕ್‌ನಲ್ಲೂ ತೊಡಕಿದೆ. ಬೇಸಿಗೆಯಲ್ಲಿ ‘ನಾಳೆ ಬರ್ತೀನಿ’ ಎಂದವನು ನಾಡಿದ್ದು ಬರುತ್ತಾನೆ. ಹಬ್ಬ, ಜಾತ್ರೆ ಬಂದರೆ ಸಿಗುವುದೇ ಇಲ್ಲ. ಆದ್ದರಿಂದ ಇಬ್ಬರ ನಂಬರು ಇಟ್ಟುಕೊಳ್ಳಿ. ಬಂದು ನೋಡಿದ್ದಕ್ಕೆ ಕೇಳುವ ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ. ದೋಷ ಕಂಡುಹಿಡಿಯುವುದೂ ಕೆಲಸವೇ. ಕೆಲಸ ಶುರು ಮಾಡುವ ಮುಂಚೆ ಭಾಗಕ್ಕೆ ಎಷ್ಟು, ಕೂಲಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಬದಲಿಸಿದ ಹಳೆಯ ಭಾಗವನ್ನು ನಿಮ್ಮ ಕೈಗೆ ಕೊಡಲಿ. ಬಿಲ್ಲಿನಲ್ಲಿ ತಾರೀಕು, ಹಾಕಿದ ಭಾಗ, ಎಷ್ಟು ದಿನದ ಗ್ಯಾರಂಟಿ ಎಂಬುದನ್ನು ಬರೆಸಿಕೊಳ್ಳಿ. ಸಣ್ಣ ಅಂಗಡಿಯಾದರೆ ಜಿಎಸ್‌ಟಿ ನಂಬರ್ ಇಲ್ಲದಿರಬಹುದು, ಅದರಿಂದ ಅವನೇನೂ ಕಳ್ಳನಲ್ಲ. ಜಿಎಸ್‌ಟಿ ಎಂದು ಹಣ ಹಿಡಿದವರು ಮಾತ್ರ ಆ ನಂಬರನ್ನು ಬಿಲ್ಲಿನ ಮೇಲೆ ತೋರಿಸಲೇಬೇಕು. ಬಿಲ್ ಕೈಯಲ್ಲಿದ್ದೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇವತ್ತೇ ಮಾಡಿಡಬಹುದಾದ ಕೆಲಸ ಒಂದಿದೆ. ಫ್ರಿಜ್‌ನ ಮಾಡೆಲ್ ನಂಬರು, ಗ್ಯಾಸಿನ ಹೆಸರು, ಅದರ ತೂಕ, ಬೋರ್ ಮೋಟಾರಿನ ಎಚ್‌ಪಿ, ಇಳಿಸಿದ ಪೈಪಿನ ಲೆಕ್ಕ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮೀಟರ್ ಬೋರ್ಡಿನ ಪಕ್ಕ ಅಂಟಿಸಿ. ಕರೆ ಮಾಡಿದಾಗ ಇದನ್ನು ಓದಿ ಹೇಳಿದರೆ ಮೆಕ್ಯಾನಿಕ್ ಬೇಕಾದ ಭಾಗವನ್ನು ಜೊತೆಗೇ ತರುತ್ತಾನೆ, ಎರಡನೇ ಓಡಾಟದ ಖರ್ಚು ಉಳಿಯುತ್ತದೆ.

ನಮಸ್ಕಾರ.