ಸಮಾಧಿಗಲ್ಲಿನ ಮೇಲೆ ಇಸ್ಪೀಟ್ ಎಕ್ಕ ಯಾಕಿಲ್ಲ?

ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಎರಡು ಮಹಾಯುದ್ಧಗಳಲ್ಲಿ ಮಡಿದ ಸೈನಿಕರ ಸಮಾಧಿ ನೋಡ್ಕೊಳ್ಳೋ ಸಂಸ್ಥೆ) ಲೆಕ್ಕದ ಸೈನಿಕರ ಸಮಾಧಿಗಳಿವೆ. ಕಮಿಷನ್ನಿನ ಮಾಮೂಲಿ ಕಲ್ಲು 2 ಅಡಿ 8 ಇಂಚು ಎತ್ತರ, 1 ಅಡಿ 3 ಇಂಚು ಅಗಲ. ಜನರಲ್‌ಗೂ ಅದೇ, ಸಿಪಾಯಿಗೂ ಅದೇ. ಮೇಲ್ಗಡೆ ಲಾಂಛನ, ಕೆಳಗೆ ನಂಬರ್, ರ‍್ಯಾಂಕ್, ಹೆಸರು, ರೆಜಿಮೆಂಟ್, ತೀರಿಕೊಂಡ ತಾರೀಖು.

ಆ ಲಾಂಛನ ನೋಡಿ ಡಿವಿಷನ್ (ಬೇರೆಬೇರೆ ರೆಜಿಮೆಂಟಿನ ತುಕಡಿಗಳನ್ನ ಕೂಡಿಸಿ ಕಟ್ಟೋ ದೊಡ್ಡ ಪಡೆ) ಯಾವುದು ಅಂತ ಹುಡುಕೋಕೆ ಹೊರಟ್ರೆ ಸಿಗಲ್ಲ. ಅದು ಸೈನಿಕನ ಕಾಯಂ ಮನೆಯ ಗುರುತು, ಅಂದ್ರೆ ರೆಜಿಮೆಂಟ್ ಅಥವಾ (ಎಂಜಿನಿಯರ್‌ಗಳಂಥವರಾದ್ರೆ) ಕೋರ್‌ನ ಗುರುತು.

ಡಿವಿಷನ್ ಗುರುತಿನ ಕಥೆ ಬೇರೆ, ಅದಕ್ಕೂ ಬೆಂಗಳೂರಿಗೂ ನೇರ ನಂಟಿದೆ. ಜಪಾನಿನವರು ದಕ್ಷಿಣ ಭಾರತಕ್ಕೆ ಬಂದಿಳೀತಾರೆ ಅನ್ನೋ ಭಯ ಇದ್ದ 1942ರಲ್ಲಿ ಎರಡು ಡಿವಿಷನ್ ಕಟ್ಟಿದ್ದು ಇಲ್ಲೇ: ಏಪ್ರಿಲ್‌ನಲ್ಲಿ 20ನೇ ಇಂಡಿಯನ್ ಡಿವಿಷನ್, ಆಗಸ್ಟ್‌ನಲ್ಲಿ 25ನೇದು. 20ನೇದರ ಗುರುತು ಕತ್ತಿ ಹಿಡಿದ ಮುಷ್ಟಿ. 25ನೇದು ಹಸಿರು ಬಟ್ಟೆ ಮೇಲೆ ಕಪ್ಪು ಇಸ್ಪೀಟ್ ಎಕ್ಕ. ತೋಳಿಗೆ ಹೊಲೀತಿದ್ರು, ಲಾರಿ ಮೇಲೆ ಬಳೀತಿದ್ರು. ನಂಬರ್ ಬರೆದ್ರೆ ಶತ್ರು ಓದ್ಕೊಂಡುಬಿಡ್ತಾನಲ್ಲ, ಅದಕ್ಕೇ ಚಿತ್ರ. ಡಿವಿಷನ್ ಅನ್ನೋದು ಮದುವೆ ಚಪ್ಪರ ಇದ್ದ ಹಾಗೆ, ಕೆಲಸ ಮುಗಿದ್ಮೇಲೆ ಬಿಚ್ಚೋದು. ಇವೆರಡನ್ನೂ 1946ರಲ್ಲಿ ಬಿಚ್ಚಿದ್ರು. ರೆಜಿಮೆಂಟ್ ಉಳೀತು, ಕಲ್ಲಿನ ಮೇಲೂ ಅದೇ ಬಂತು.

ಹಾಗಾದ್ರೆ ಪತ್ತೆ ಹೇಗೆ? ಕಲ್ಲಿನ ಮೇಲಿನ ಹೆಸರು, ಸರ್ವಿಸ್ ನಂಬರ್ ಹಾಕಿ ಕಮಿಷನ್ನಿನ ವೆಬ್‌ಸೈಟ್‌ನಲ್ಲಿ ಹುಡುಕಿ. ಕಾಸು ಕೇಳಲ್ಲ. ಅಲ್ಲಿ ಬೆಟಾಲಿಯನ್ (ರೆಜಿಮೆಂಟಿನ ಒಂದು ತುಕಡಿ) ಸಿಕ್ರೆ, ಆ ತಾರೀಖಿಗೆ ಅದು ಯಾವ ಬ್ರಿಗೇಡ್‌ನಲ್ಲಿತ್ತು (ಕೆಲವು ಬೆಟಾಲಿಯನ್ ಸೇರಿ ಒಂದು ಬ್ರಿಗೇಡ್), ಆ ಬ್ರಿಗೇಡ್ ಯಾವ ಡಿವಿಷನ್ನಿನದ್ದು ಅಂತ ನೋಡಬೇಕು. ತಾರೀಖು ಬಿಟ್ರೆ ಕೆಟ್ಟಿತು, ಬೆಟಾಲಿಯನ್‌ಗಳು ಡಿವಿಷನ್ನಿಂದ ಡಿವಿಷನ್ನಿಗೆ ಹೋಗ್ತಾ ಬರ್ತಾ ಇದ್ವು.

ಒಂದು ಉದಾಹರಣೆ ನೋಡಿ: 8/19 ಹೈದರಾಬಾದ್. ಇದು 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್. ಎಷ್ಟೋ ಜನ ತಿರುಗಾಮುರುಗಾ ಓದ್ತಾರೆ. ಮುಂದೆ ಭೂಸೇನೆಯ ಮುಖ್ಯಸ್ಥರಾದ ನಮ್ಮ ಕೊಡಗಿನ ತಿಮ್ಮಯ್ಯನವರು ಮುನ್ನಡೆಸಿದ್ದು ಇದನ್ನೇ. 25ನೇ ಡಿವಿಷನ್ನಿನ 51ನೇ ಬ್ರಿಗೇಡ್‌ನಲ್ಲಿ ಸೇರಿ, 1945ರ ಶುರುವಿನಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಕಾದಾಡ್ತು. ಆ ವರ್ಷದ ಕೊನೆಗೆ ರೆಜಿಮೆಂಟ್ ಹೆಸರೇ ಕುಮಾವ್ ಅಂತ ಬದಲಾಯ್ತು. ಕಾಂಗಾವ್‌ನಲ್ಲಿ ಸತ್ತವರನ್ನ ಕುಮಾವ್ ಅಂತ ಹುಡುಕಿದ್ರೆ ಗಂಟು ಬೀಳುತ್ತೆ. ಅಂದಹಾಗೆ ಹಿಂದೂ, ಸಿಖ್ ಸೈನಿಕರನ್ನ ದಹನ ಮಾಡ್ತಿದ್ದದ್ದರಿಂದ ಅವರಿಗೆ ಸಾಮಾನ್ಯವಾಗಿ ಕಲ್ಲೇ ಇರಲ್ಲ. ಬರ್ಮಾದಲ್ಲಿ ಮಡಿದ ಇಂಥವರಲ್ಲಿ ಬಹುಪಾಲು ಜನರ ಹೆಸರು ಟಾಕ್‌ಚಾನ್‌ನ ರಂಗೂನ್ ಮೆಮೋರಿಯಲ್‌ನಲ್ಲಿ, ಅಲ್ಲೂ ರೆಜಿಮೆಂಟ್ ಪ್ರಕಾರವೇ.

ತಲೆನೋವು ಕೊಡೋದು ಸ್ಯಾಪರ್‌ಗಳು (ಸೇನೆಯ ಎಂಜಿನಿಯರ್‌ಗಳು), ಗನ್ನರ್‌ಗಳು (ತೋಪಿನವರು). ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನ ಕಂಪನಿಗಳು ಎಷ್ಟೋ ಡಿವಿಷನ್‌ಗಳಿಗೆ ಹಂಚಿಹೋಗಿದ್ವು. ಎಲ್ಲರದ್ದೂ ಒಂದೇ ಲಾಂಛನ, ಕಂಪನಿ ನಂಬರ್ ಸಿಗೋವರೆಗೂ ಡಿವಿಷನ್ ಸಿಗಲ್ಲ. ತೋಪಿನ ಲಾಂಛನದ ಕೆಳಗೂ ಬಹುತೇಕ ಬರೀ ‘ರಾಯಲ್ ಆರ್ಟಿಲರಿ’ ಅಂತಿರುತ್ತೆ. ಇನ್ನು ಬೆಂಗಳೂರಲ್ಲಿ ಮಣ್ಣಾದ ಮಾತ್ರಕ್ಕೆ ಇಲ್ಲಿನ ತುಕಡಿಯವನು ಅಂತಲ್ಲ. ಗಾಯಗೊಂಡೋ ಕಾಯಿಲೆಯಿಂದಲೋ ಆಸ್ಪತ್ರೆ ಸೇರಿ ತೀರಿಕೊಂಡಿರಬಹುದು.

ಸವೆದ ಲಾಂಛನ ಓದೋಕೆ ಸೀಮೆಸುಣ್ಣ ಉಜ್ಜಬೇಡಿ, ತಂತಿ ಬ್ರಷ್, ಆಸಿಡ್ ಅಂತೂ ಬೇಡವೇ ಬೇಡ, ಕಲ್ಲಿನ ಮೈಯೇ ಕಿತ್ತು ಬರುತ್ತೆ. ಟಾರ್ಚನ್ನ ಕಲ್ಲಿನ ಅಂಚಿಗೆ ತಾಗೋ ಹಾಗೆ ಪಕ್ಕದಿಂದ ಹಿಡೀರಿ. ಕೆತ್ತನೆಯಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತೆ. ಎಡಗಡೆಯಿಂದೊಂದು, ಬಲಗಡೆಯಿಂದೊಂದು ಫೋಟೋ ತೆಗೀರಿ, 3 ಮತ್ತು 8 ಗೊಂದಲ ಆಗೋದು ಇಂಥಲ್ಲೇ.